ಒಂದೇ ಹಾಡು, ಏಳು ಗಂಟಲು

ಜುಲೈ ತಿಂಗಳ ಸಂಜೆ. ಕೊಡಗಿನ ಅಮ್ಮತ್ತಿ ಕಡೆ ಮಳೆ ಹಿಡಿದು ಐದು ದಿನ ಆಗಿತ್ತು. ಪಕ್ಕದ ತೋಟದ ಮೇಜರ್ ಅಂಕಲ್ ಕೊಡೆ ಮಡಚುತ್ತಾ ನಮ್ಮ ಜಗಲಿಗೆ ಬಂದರು. "ನವೆಂಬರ್‌ಗೆ ನಮ್ಮ ಮದುವೆಗೆ 50 ವರ್ಷ ಕಣೋ. ಕೊಯ್ಲು ಜೋರಾಗೋ ಮುಂಚೆ ಒಂದು ಸಣ್ಣ ಪಾರ್ಟಿ. ನೀನು ಗಿಟಾರ್ ತಗೊಂಡು ಬಾ. ಆ ಎಲ್ವಿಸ್ ಹಾಡು ಹಾಡ್ಬೇಕು, ಅಷ್ಟೇ" ಎಂದರು.

ಯಾವ ಹಾಡು ಅಂತ ಕೇಳಬೇಕಾಗಿರಲಿಲ್ಲ. ಅವರ ಜೀಪಿನಲ್ಲಿ ಒಮ್ಮೆ ಕೂತವರಿಗೆಲ್ಲ ಗೊತ್ತು. 'ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್'. ನಾನು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಮಗ. ಆ ಹಾಡನ್ನು ಚಿಕ್ಕಂದಿನಲ್ಲಿ ಅವರ ಮನೆಯ ಕಿಟಕಿಯಿಂದಲೇ ಕೇಳಿ ಬೆಳೆದವನು. ಸುಲಭದ ಹಾಡು, ಎರಡು ದಿನದಲ್ಲಿ ಕಲಿತು ಬಿಡ್ತೀನಿ ಅಂದುಕೊಂಡೆ.

ಮೊಬೈಲ್‌ನಲ್ಲಿ ಹುಡುಕಿದಾಗ ತಲೆ ತಿರುಗಿತು. ಒಂದೇ ಹಾಡನ್ನು ಇಷ್ಟೊಂದು ಜನ ಹಾಡಿದ್ದಾರಾ! ಕೊನೆಗೆ ಏಳು ಮಂದಿಯನ್ನು ಆರಿಸಿಕೊಂಡೆ. ರಾತ್ರಿ ಸ್ಪೀಕರ್‌ನಲ್ಲಿ ಹಾಕಿ ಕೇಳುವುದು, ಜೀಪಿನಲ್ಲಿ ವಿರಾಜಪೇಟೆಗೆ ಹೋಗುವಾಗ ಕೇಳುವುದು, ಆಮೇಲೆ ನಾನೇ ಗಿಟಾರ್ ಹಿಡಿದು ಹಾಡಿ ನೋಡುವುದು. ಮಳೆಗಾಲದಲ್ಲಿ ಬೇರೆ ಕೆಲಸವೂ ಅಷ್ಟೊಂದು ಇರಲಿಲ್ಲ ಅನ್ನಿ.

ಎಲ್ವಿಸ್ ಪ್ರೆಸ್ಲಿಯಿಂದಲೇ ಶುರು ಮಾಡಿದೆ. 1961ರ ಮಾರ್ಚ್‌ನಲ್ಲಿ ಹಾಲಿವುಡ್‌ನಲ್ಲಿ ರೆಕಾರ್ಡ್ ಆದ ಹಾಡು. 'ಬ್ಲೂ ಹವಾಯಿ' ಸಿನಿಮಾಕ್ಕಾಗಿ. ಬರೆದವರು ಮೂವರು: ಹ್ಯೂಗೊ ಪೆರೆಟ್ಟಿ, ಲುಯಿಜಿ ಕ್ರಿಯಟೋರೆ, ಜಾರ್ಜ್ ಡೇವಿಡ್ ವೈಸ್. ಈ ವೈಸ್ ಮುಂದೆ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಬರೆದ ಇಬ್ಬರಲ್ಲಿ ಒಬ್ಬರು. ಒಂದು ತಮಾಷೆ ಇದೆ. ಇಡೀ ಜಗತ್ತು ಮದುವೆಗಳಲ್ಲಿ ಹಾಡುವ ಈ ಹಾಡನ್ನು ಸಿನಿಮಾದಲ್ಲಿ ಎಲ್ವಿಸ್ ಹಾಡುವುದು ಅಜ್ಜಿಯ ಹುಟ್ಟುಹಬ್ಬಕ್ಕೆ! ನಾಯಕಿಯ ಅಜ್ಜಿಗೆ ಒಂದು ಮ್ಯೂಸಿಕ್ ಬಾಕ್ಸ್ ತಂದು ಕೊಡುತ್ತಾನೆ. ಅದರೊಳಗಿಂದ ಬರುವ ರಾಗಕ್ಕೆ ದನಿ ಸೇರಿಸುತ್ತಾನೆ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನ, ಬ್ರಿಟನ್‌ನಲ್ಲಿ 1ನೇ ಸ್ಥಾನ ಸಿಕ್ಕಿತು.

ಕೇಳಲು ಎಷ್ಟು ಸಲೀಸು ಅನಿಸುತ್ತದೋ ಹಾಡಲು ಅಷ್ಟೇ ಕಷ್ಟ. ಹಾಡಿನ ಓಟ ತುಂಬಾ ನಿಧಾನ. ಒಂದೊಂದು ಶಬ್ದವನ್ನೂ ಆತ ತೂಗಿ ತೂಗಿ ಇಡುತ್ತಾನೆ. ಹಿಂದೆ ಜೋರ್ಡನೇರ್ಸ್ ತಂಡದವರ ಕೋರಸ್ ಮಂಜಿನ ಹಾಗೆ ಹಬ್ಬಿಕೊಂಡಿರುತ್ತದೆ. ಅವನಿಗೆ ಉಸಿರು ತೆಗೆಯಲು ಅವಸರವೇ ಇಲ್ಲ. ಕೋರಸ್ ಇಲ್ಲದೆ ನಾನೊಬ್ಬನೇ ಆ ಓಟದಲ್ಲಿ ಹಾಡಿದರೆ ಸಾಲು ಸಾಲಿನ ನಡುವೆ ಹಳ್ಳ ಬಿದ್ದ ರಸ್ತೆ ಥರ ಆಗುತ್ತಿತ್ತು. ಅಮ್ಮ ಒಳಗಿಂದ "ಮರೆತು ಹೋಯ್ತಾ?" ಅಂತ ಕೇಳಿದರು. ಮರೆತಿರಲಿಲ್ಲ, ಅದು ಎಲ್ವಿಸ್ ಬಿಡುವ ಜಾಗ!

ಗಿಟಾರ್ ಕಲಿಯುತ್ತಿರುವವರಿಗೆ ಒಂದು ಮಾತು. ಆತ ಹಾಡಿದ್ದು ಡಿ ಮೇಜರ್ ಶ್ರುತಿಯಲ್ಲಿ. ನನ್ನ ಗಂಟಲಿಗೆ ಸಿ ಮೇಜರ್ ಒಗ್ಗಿತು. ಕಾರ್ಡ್‌ಗಳು ಸಿ, ಇ ಮೈನರ್, ಎ ಮೈನರ್, ಎಫ್, ಆಮೇಲೆ ಸಿ, ಜಿ. ಅಲ್ಲಿತನಕ ಎಲ್ಲ ನೆಂಟರ ಮನೆ. ನದಿ ಸಮುದ್ರಕ್ಕೆ ಹರಿಯುವ ಸಾಲುಗಳಿವೆಯಲ್ಲ, ನಡುವೆ ಬರುವಂಥದ್ದು, ಅಲ್ಲಿ ಇ ಮೈನರ್‌ನಿಂದ ಬಿ ಸೆವೆನ್‌ಗೆ ಹಾರಬೇಕು. ಆ ಬಿ ಸೆವೆನ್ ನನ್ನನ್ನು ಎರಡು ತಿಂಗಳು ಅಳಿಸಿತು.

ಎಲ್ವಿಸ್‌ನ ಹಾಡಿನಲ್ಲೇ ಇನ್ನೊಂದು ಎಲ್ವಿಸ್ ಇದ್ದಾನೆ ಅಂತ ಆಮೇಲೆ ಗೊತ್ತಾಯಿತು. 1970ರ ದಶಕದಲ್ಲಿ ಆತ ತನ್ನ ಕಾರ್ಯಕ್ರಮಗಳನ್ನು ಮುಗಿಸುತ್ತಿದ್ದದ್ದು ಇದೇ ಹಾಡಿನಿಂದ. 1973ರ ಹವಾಯಿ ಕಾರ್ಯಕ್ರಮದ್ದು ನೋಡಿ. ಓಟ ಜಾಸ್ತಿ, ಡ್ರಮ್ಸ್ ಜೋರು, ಬೇಗ ಮುಗಿಸಿ ಹೊರಡುವ ಅವಸರ. ಅಂಗಡಿ ಬಾಗಿಲು ಎಳೆಯುವ ಹೊತ್ತಿನಲ್ಲಿ ಸಾಮಾನು ಕೊಟ್ಟ ಹಾಗೆ. 1977ರ ಜೂನ್ 26ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಅವನ ಕಟ್ಟಕಡೆಯ ಕಾರ್ಯಕ್ರಮವೂ ಇದರಿಂದಲೇ ಮುಗಿಯಿತು. ಆಗಸ್ಟ್ 16ಕ್ಕೆ ಆತ ಇರಲಿಲ್ಲ. ಅದು ಗೊತ್ತಾದ ಮೇಲೆ ಆ ಅವಸರದ ಹಾಡನ್ನು ತಮಾಷೆ ಮಾಡಲು ಮನಸ್ಸು ಬರುವುದಿಲ್ಲ. ಆದರೆ ಪಾರ್ಟಿಗೆ ಅದು ಬೇಡ.

ಈಗ ಹಿಂದಕ್ಕೆ ಹೋಗೋಣ, 1784ಕ್ಕೆ. ಈ ರಾಗ ಎಲ್ವಿಸ್‌ಗಾಗಿ ಹುಟ್ಟಿದ್ದೇ ಅಲ್ಲ. 'ಪ್ಲೆಜೀರ್ ದಾಮೂರ್' ಅಂತ ಒಂದು ಫ್ರೆಂಚ್ ಹಾಡು. ರಾಗ ಕಟ್ಟಿದ್ದು ಮಾರ್ಟಿನಿ. ಹೆಸರು ಇಟಲಿಯದು, ಹುಟ್ಟಿದ್ದು ಜರ್ಮನಿಯ ಬವೇರಿಯಾದಲ್ಲಿ, ಹೆಸರು ಮಾಡಿದ್ದು ಫ್ರಾನ್ಸ್‌ನಲ್ಲಿ. ಮಾತು ಫ್ಲೋರಿಯಾನ್ ಎಂಬ ಕವಿಯದು. ಅದರ ಪಲ್ಲವಿಯ ರಾಗವನ್ನು ಎತ್ತಿಕೊಂಡು, ನಡುವಿನ ಭಾಗವನ್ನು ಹೊಸದಾಗಿ ಕಟ್ಟಿ, ಇಂಗ್ಲಿಷ್ ಮಾತು ತೊಡಿಸಿದ್ದು ಆ ಮೂವರು. ನಮ್ಮಲ್ಲಿ ಹಳೇ ಮಟ್ಟಿಗೆ ಹೊಸ ಪದ ಹಾಕಿ ಭಜನೆ ಮಾಡ್ತಾರಲ್ವಾ, ಹಾಗೆಯೇ.

ನಾನು ಕೇಳಿದ್ದು ಜೋನ್ ಬಯೆಜ್ ಹಾಡಿದ್ದು. ಅದು ಬಂದದ್ದೂ 1961ರಲ್ಲೇ! ಒಂದೇ ವರ್ಷ, ಒಂದೇ ರಾಗ. ಒಂದು ಕಡೆ ಹವಾಯಿ ಶರಟು ಹಾಕಿದ ಸಿನಿಮಾ ಹೀರೊ, ಇನ್ನೊಂದು ಕಡೆ ಬರೀ ಗಿಟಾರ್ ಹಿಡಿದ 20ರ ಹುಡುಗಿ. ಬಯೆಜ್ ದನಿ ಬೆಳಗಿನ ಚಳಿಯ ಹಾಗೆ, ಚುಚ್ಚುತ್ತದೆ. ಮಾತಿನ ಅರ್ಥ ಹುಡುಕಿದೆ. ಪ್ರೀತಿಯ ಸುಖ ಒಂದು ಗಳಿಗೆ, ಪ್ರೀತಿಯ ನೋವು ಬದುಕಿಡೀ ಅಂತ. ಎಲ್ವಿಸ್ ಹಾಡಿನಲ್ಲಿ 'ಬೇಡ ಅಂದರೂ ಬಿದ್ದುಬಿಟ್ಟೆ' ಎನ್ನುವ ಖುಷಿ. ಫ್ರೆಂಚ್ ಹಾಡಿನಲ್ಲಿ ಕೈಕೊಟ್ಟವಳ ನೆನಪು. ರಾಗ ಎರಡಕ್ಕೂ ಅಳುಕದೆ ಒಗ್ಗುತ್ತದೆ. ಒಬ್ಬನೇ ಕೂತು ಕೇಳುವುದಕ್ಕೆ ನನ್ನ ಮತ ಇದಕ್ಕೇ. ಮಳೆಗಾಲದ ರಾತ್ರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಜೀಪಿನಲ್ಲಿ ಮಾತ್ರ ಕೇಳಲೇ ಇಲ್ಲ. ಇಂಜಿನ್ ಸದ್ದು ಅವಳನ್ನು ನುಂಗಿ ಹಾಕಿತು.

ಆಂಡಿ ವಿಲಿಯಮ್ಸ್ ಬಗ್ಗೆ ಜಾಸ್ತಿ ಹೇಳಲ್ಲ. 1970ರಲ್ಲಿ ಬ್ರಿಟನ್‌ನಲ್ಲಿ 3ನೇ ಸ್ಥಾನಕ್ಕೆ ಹೋಗಿತ್ತಂತೆ. ಚೆನ್ನಾಗಿ ಇಸ್ತ್ರಿ ಮಾಡಿದ ಸೂಟ್. ಒಂದು ಸುಕ್ಕೂ ಇಲ್ಲ. ಆಂಡ್ರಿಯಾ ಬೊಚೆಲ್ಲಿಯದು 2006ರ 'ಅಮೋರೆ' ಆಲ್ಬಮ್‌ನದು. ದೊಡ್ಡ ದನಿ, ದೊಡ್ಡ ವಾದ್ಯವೃಂದ. ಅದನ್ನು ಅನುಕರಿಸಲು ಹೋದೆ, ನಮ್ಮ ನಾಯಿ ಬೊಗಳಿತು. ಅಲ್ಲಿಗೆ ಬಿಟ್ಟೆ.

ಯೂಬಿ ಫಾರ್ಟಿ ಕತೆ ಬೇರೆ. ಬರ್ಮಿಂಗ್‌ಹ್ಯಾಮ್‌ನ ರೆಗೆ ತಂಡ, ಜಮೈಕಾದಲ್ಲಿ ಹುಟ್ಟಿದ ಸಂಗೀತ ಅದು. ಬ್ರಿಟನ್‌ನಲ್ಲಿ ಕೆಲಸ ಇಲ್ಲದವರು ಭತ್ಯೆಗಾಗಿ ತುಂಬುತ್ತಿದ್ದ ಫಾರಂನ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡವರು. 1993ರಲ್ಲಿ ಈ ಹಾಡು ಹಾಡಿ ಅಮೆರಿಕದಲ್ಲಿ 7 ವಾರ 1ನೇ ಸ್ಥಾನದಲ್ಲಿ ಕೂತರು. ಎಲ್ವಿಸ್‌ಗೂ ಅಲ್ಲಿ ದಕ್ಕದೇ ಇದ್ದದ್ದು! 'ಸ್ಲಿವರ್' ಎಂಬ ಸಿನಿಮಾದಲ್ಲೂ ಬಂತು. ಇವರು ಮಾಡಿದ ಮುಖ್ಯ ಕೆಲಸ ಏನು ಗೊತ್ತಾ? ಲೆಕ್ಕ ಬದಲಿಸಿದ್ದು. ಎಲ್ವಿಸ್ ಹಾಡು ಮೂರರ ಲೆಕ್ಕದಲ್ಲಿ ತೂಗುತ್ತದೆ. ಒಂದು ಎರಡು ಮೂರು, ಒಂದು ಎರಡು ಮೂರು, ತೊಟ್ಟಿಲಿನ ಹಾಗೆ. ಯೂಬಿ ಫಾರ್ಟಿ ಅದನ್ನು ನಾಲ್ಕಕ್ಕೆ ತಂದು, ನಡುವೆ ಗಿಟಾರ್ ಚಕ್ ಚಕ್ ಅನ್ನುವ ಹಾಗೆ ಮಾಡಿದರು. ಅದರ ಮೇಲೆ ತುತ್ತೂರಿ. ತೊಟ್ಟಿಲು ಹೋಗಿ ನಡಿಗೆ ಬಂತು.

ಜೀಪಿನ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು. ಸಿದ್ದಾಪುರ ರಸ್ತೆಯ ತಿರುವುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಇದೇ ಪಾರ್ಟಿಗೆ ಸರಿ ಅಂತ ತೀರ್ಮಾನ ಮಾಡಿಯೂ ಆಗಿತ್ತು.

ಸೆಪ್ಟೆಂಬರ್‌ನಲ್ಲಿ ಕೊಡವರ ಹಬ್ಬ ಕೈಲ್ ಮುಹೂರ್ತಕ್ಕೆ ಮೇಜರ್ ಅಂಕಲ್ ಮನೆಗೆ ಊಟಕ್ಕೆ ಹೋಗಿದ್ದೆ. ಪಂದಿ ಕರಿ, ಕಡಂಬುಟ್ಟು ಆದ ಮೇಲೆ ಸುಮ್ನೆ ಪರೀಕ್ಷೆಗೆ ಅಂತ ಸಣ್ಣ ಸ್ಪೀಕರ್‌ನಲ್ಲಿ ಎರಡನ್ನೂ ಹಾಕಿದೆ. ಮೊದಲು ಯೂಬಿ ಫಾರ್ಟಿ. ಮೊಮ್ಮಕ್ಕಳು ಕುಣಿದರು. ದೊಡ್ಡವರು ತಲೆ ಆಡಿಸಿದರು, ಆದರೆ ಯಾರೂ ಏಳಲಿಲ್ಲ. ಅಂಕಲ್ ಅಂತೂ ಕುರ್ಚಿಯಲ್ಲೇ ಕೂತು "ಇದು ಮಾರ್ಚ್ ಪಾಸ್ಟ್ ಆಯ್ತು" ಎಂದರು. ಆಮೇಲೆ ಎಲ್ವಿಸ್. ಹಾಡು ಶುರುವಾಗಿ ನಾಲ್ಕು ಸಾಲು ಆಗಿರಲಿಲ್ಲ, ಆಂಟಿಯ ಭುಜ ತೂಗತೊಡಗಿತು. ಅವರ ತಮ್ಮ ಕೈ ಎರಡೂ ಮೇಲೆತ್ತಿ ನಿಧಾನಕ್ಕೆ ಸುತ್ತತೊಡಗಿದರು, ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿಯುವ ಹಾಗೇ!

ನನಗೆ ತಟ್ಟನೆ ಹೊಳೆಯಿತು. ಕೊಡವರ ವಾಲಗದ ನಡೆಯೂ ಅದೇ ತೂಗು ಅಲ್ವಾ. ಓಟ ಬೇರೆ, ಕೊಂಬು, ಕೊಟ್ಟು ವಾದ್ಯಗಳ ಅಬ್ಬರ ಬೇರೆ. ಆದರೆ ನನ್ನ ಕಿವಿಗೆ ಒಳಗಿನ ಲೆಕ್ಕ ಮೂರರದ್ದೇ. ಇಲ್ಲಿ ಹುಟ್ಟಿದ ಮಗುವಿನ ಕಾಲಿಗೂ ಆ ಲೆಕ್ಕ ಗೊತ್ತು. ಅಮೆರಿಕದಲ್ಲಿ 7 ವಾರ ಗೆದ್ದ ಹಾಡು ಅಮ್ಮತ್ತಿಯ ಒಂದು ಜಗಲಿಯಲ್ಲಿ ಸೋತಿತು.

ಹಾಗಾದರೆ ಮೂರರ ಲೆಕ್ಕವೇ ಇರಲಿ, ಆದರೆ ಎಲ್ವಿಸ್‌ನ ಕೋರಸ್ ಇಲ್ಲದೆ ಒಬ್ಬನೇ ಹಾಡುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಇಬ್ಬರು ಹೆಣ್ಣುಮಕ್ಕಳ ಹತ್ತಿರ. ಹೇಲಿ ರೈನ್‌ಹಾರ್ಟ್ 2015ರಲ್ಲಿ ಹಾಡಿದ್ದು ಒಂದು ಚೂಯಿಂಗ್ ಗಮ್ ಜಾಹೀರಾತಿನಿಂದ ಮನೆಮಾತಾಯಿತು. ಪಿಯಾನೊ ಮತ್ತು ಸ್ವಲ್ಪ ಒರಟು ದನಿ. ಗಮ್ ಮಾರುವ ಹಾಡು ಅಂತ ಮೂಗು ಮುರಿದುಕೊಂಡೇ ಕೇಳಿದೆ. ಎರಡನೇ ಸಲ ಕೇಳುವಾಗ ಮೂಗು ನೆಟ್ಟಗಾಯಿತು. ಆದರೆ ಆಕೆ ಶಬ್ದಗಳನ್ನು ಎಳೆದು ಬಗ್ಗಿಸುವ ರೀತಿ ಆಕೆಗೇ ಚೆಂದ. ನಾನು ಮಾಡಿದರೆ ನೆಗಡಿ ಅನಿಸುತ್ತದೆ.

ಕಿನಾ ಗ್ರ್ಯಾನಿಸ್ ಬೇರೆ. 2018ರ 'ಕ್ರೇಜಿ ರಿಚ್ ಏಷಿಯನ್ಸ್' ಸಿನಿಮಾದಲ್ಲಿ ಮದುಮಗಳು ನೀರು ಹರಿಯುವ ಹಾದಿಯಲ್ಲಿ ನಡೆದು ಬರುವಾಗ ಹಾಡುವವರು ಇವರೇ. ದನಿ ಎತ್ತುವುದೇ ಇಲ್ಲ. ಪಕ್ಕದಲ್ಲಿ ಕೂತು ಗುಟ್ಟು ಹೇಳಿದ ಹಾಗೆ. ಎಲ್ವಿಸ್ ಬಿಡುವ ಖಾಲಿ ಜಾಗದಲ್ಲೆಲ್ಲ ಗಿಟಾರ್ ತಂತಿಗಳು ಒಂದೊಂದಾಗಿ ಮಾತಾಡುತ್ತವೆ. ನನ್ನ ರಸ್ತೆಯ ಹಳ್ಳ ಮುಚ್ಚುವ ಮಣ್ಣು ಅದೇ! ಬಾರಿಸುವುದು ಬಿಟ್ಟು ಬೆರಳಿನಿಂದ ಮೀಟತೊಡಗಿದೆ. ಹೆಬ್ಬೆರಳು ಮೊದಲ ಎಣಿಕೆಗೆ, ಉಳಿದ ಬೆರಳು ಎರಡು, ಮೂರಕ್ಕೆ. ಒಂದೇ ವಾರದಲ್ಲಿ ಅಮ್ಮ "ಮರೆತು ಹೋಯ್ತಾ" ಅಂತ ಕೇಳುವುದನ್ನು ನಿಲ್ಲಿಸಿದರು.

ಒಂದು ಕೊರತೆ ಇದೆ, ಹೇಳಿಬಿಡುತ್ತೇನೆ. ಈ ಬಗೆಯ ಹಾಡಿಗೆ ಸದ್ದಿಲ್ಲದ ಜಾಗ ಬೇಕು. ಅಕ್ಟೋಬರ್‌ನಲ್ಲಿ ಗೋಣಿಕೊಪ್ಪದಲ್ಲಿ ಗೆಳೆಯನೊಬ್ಬನ ರಿಸೆಪ್ಷನ್‌ನಲ್ಲಿ ಹಾಡಿ ನೋಡಿದೆ. ಮೈಕ್‌ನವರು ಕಾಫಿ ಕುಡಿಯಲು ಹೋದವರು ಹಾಡು ಮುಗಿದ ಮೇಲೆ ಬಂದರು. ಗಿಟಾರ್ ಮೈಕ್ ಆನ್ ಆಗಿರಲೇ ಇಲ್ಲ. ಮುಂದಿನ ಸಾಲಿನ ನಾಲ್ಕು ಜನಕ್ಕೆ ಬಿಟ್ಟು ಬೇರೆಯವರಿಗೆ ನಾನು ಬಾಯಿ ಆಡಿಸುವ ಗೊಂಬೆ. ಅಂಥ ಜಾಗಕ್ಕೆ ಹೋಗುವವರು ಕಣ್ಣು ಮುಚ್ಚಿ ಯೂಬಿ ಫಾರ್ಟಿ ಆರಿಸಿಕೊಳ್ಳಿ.

ನವೆಂಬರ್ ಬಂತು. ಪಾರ್ಟಿ ಕಾಫಿ ಕಣದಲ್ಲಿ. ಹಣ್ಣು ಇನ್ನೂ ಬಿದ್ದಿರಲಿಲ್ಲ, ಕಣ ಗುಡಿಸಿ ಕುರ್ಚಿ ಹಾಕಿದ್ದರು. ಎಲ್ವಿಸ್‌ಗಿಂತ ಒಂಚೂರು ಬೇಗ, ಗ್ರ್ಯಾನಿಸ್ ಥರ ಮೀಟುತ್ತಾ ಶುರು ಮಾಡಿದೆ. ಅಂಕಲ್, ಆಂಟಿ ಕೈ ಹಿಡಿದು ನಡುವಿಗೆ ಬಂದರು. ನದಿಯ ಸಾಲು ಬಂತು, ಬಿ ಸೆವೆನ್ ತಪ್ಪಿತು. ಯಾರಿಗೂ ಗೊತ್ತಾಗಲಿಲ್ಲ. ಅಂಕಲ್‌ಗೆ ಮಾತ್ರ ಗೊತ್ತಾಗಿ ಅಲ್ಲಿಂದಲೇ ಕಣ್ಣು ಮಿಟುಕಿಸಿದರು. ಇನ್ನೊಮ್ಮೆ ಹಾಡು ಅಂದರು, ಹಾಡಿದೆ. ಎರಡನೇ ಸಲಕ್ಕೆ ಅರ್ಧ ಕಣ ಎದ್ದು ಕುಣಿಯುತ್ತಿತ್ತು, ಕೈ ಮೇಲೆತ್ತಿ.

ಊಟದ ಹೊತ್ತಿಗೆ ಆಂಟಿ ಹತ್ತಿರ ಬಂದು ಕೂತರು. "ನೀನು ಮಳೆಗಾಲದಲ್ಲಿ ರಾತ್ರಿ ಹೊತ್ತು ಒಂದು ಹಾಕ್ತಿದ್ದೆಯಲ್ಲ, ಇದೇ ರಾಗ, ಬೇರೆ ಭಾಷೆ, ಯಾರೋ ಹುಡುಗಿ ಹಾಡಿದ್ದು. ನಮ್ಮ ಕಿಟಕಿಗೆ ಕೇಳ್ತಿತ್ತು. ಏನು ಚೆಂದ ಇತ್ತು! ಮುಂದಿನ ವರ್ಷ ಅದನ್ನೇ ಕಲಿತು ಹಾಡು ಆಯ್ತಾ?"

ಆಯ್ತು ಆಂಟಿ ಎಂದೆ. ಈಗ ಫ್ರೆಂಚ್ ಉಚ್ಚಾರಣೆ ಅಭ್ಯಾಸ ನಡೀತಿದೆ. ಅರ್ಥ ಏನು ಅಂತ ಅವರು ಇನ್ನೂ ಕೇಳಿಲ್ಲ.