ಮೀನುಮರಿ ಗುರುತಿಸುವ ಅಕ್ರಿಲಿಕ್ ಪೆಟ್ಟಿಗೆ: ತೋಟದ ಕೆರೆ ಇರುವವರಿಗೆ ಎಷ್ಟು ಉಪಯೋಗ?

ಮಳೆ ಹಿಡಿದು ಕೆರೆ ತುಂಬಿತೆಂದರೆ ಕೊಡಗಿನ ತೋಟಗಳಿಗೆ ಬಿತ್ತನೆ ಮೀನು, ಅಂದರೆ ಕೆರೆಗೆ ಬಿಟ್ಟು ಸಾಕುವ ಮರಿ, ಬರತೊಡಗುತ್ತದೆ. ಬಕೆಟ್ಟಿನಲ್ಲಿ ಮೇಲಿನಿಂದ ನೋಡಿದರೆ ಎರಡಂಗುಲದ ಮರಿಗಳೆಲ್ಲ ಬರೀ ಕಪ್ಪು ಬೆನ್ನು. ಪಕ್ಕದಿಂದ ನೋಡಿದರಷ್ಟೇ ಜಾತಿ ತಿಳಿಯುವುದು. ಅದಕ್ಕಾಗಿಯೇ ಈ ತೆಳು ಪೆಟ್ಟಿಗೆ: 15 ಸೆಂ.ಮೀ. ಉದ್ದ, 10 ಎತ್ತರ, 4 ಅಗಲ, ಒಳಗೊಂದು ಜಾರಿಸುವ ಹಲಗೆ.

ಮರಿ ಬಂದ ಕವರಿನ ನೀರನ್ನೇ ಮುಕ್ಕಾಲು ತುಂಬಿ, ಒದ್ದೆ ಬಲೆಯಲ್ಲಿ ಒಂದೇ ಮರಿ ಬಿಡಿ. ಮರಿ ಹಿಂದೆಮುಂದೆ ತಿರುಗದಷ್ಟು ಹಲಗೆ ತಳ್ಳಿದರೆ ಸಾಕು. ಒತ್ತಿದರೆ ಹುರುಪೆ ಉದುರಿ ಗಾಯಕ್ಕೆ ಬೂಷ್ಟು ಹಿಡಿಯುತ್ತದೆ. ಒಂದು ನಿಮಿಷದೊಳಗೆ ನೋಡಿ ತೆಗೆಯಿರಿ.

ಬಿತ್ತನೆ ಮೀನುಗಳಲ್ಲಿ ಕಾಟ್ಲಾ ಗುರುತಿಸುವುದು ಸುಲಭ: ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ, ಮೀಸೆಯಿಲ್ಲ. ಕಷ್ಟ ಇರುವುದು ರೋಹು–ಮೃಗಾಲ್ ನಡುವೆ. ರೋಹು ಮರಿಯ ಬಾಲದ ಬುಡದಲ್ಲಿ ಅಡ್ಡಪಟ್ಟಿಯಂಥ ಕಪ್ಪು, ಮೃಗಾಲ್‌ಗೆ ತ್ರಿಕೋನದ ಮಚ್ಚೆ. ಆದರೆ ಪ್ರಯಾಣದಲ್ಲಿ ಬಳಲಿದ ಮರಿಯ ಬಣ್ಣ ಮಾಸಿರುತ್ತದೆ, ಮಚ್ಚೆಯೊಂದನ್ನೇ ನಂಬಬೇಡಿ. ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿಯಲ್ಲಿ ತುಟಿ ನೋಡಿ: ರೋಹುವಿನ ತುಟಿಗೆ ಜಾಲರಿಯಂಥ ಅಂಚು, ಮೃಗಾಲ್‌ನದು ತೆಳು, ನುಣುಪು.

ಪೆಟ್ಟಿಗೆಯ ಬೆಲೆ ದಕ್ಕುವುದು ಜಿಲೇಬಿ (ತಿಲಾಪಿಯಾ) ಮೀನಿನ ಮರಿ ಹಿಡಿದುಕೊಟ್ಟಾಗ. ಬೆನ್ನಿನ ರೆಕ್ಕೆಯ ಮುಂಭಾಗವೆಲ್ಲ ಮುಳ್ಳು, ಹಿಂಭಾಗದಲ್ಲಿ ಒಂದು ಕಪ್ಪು ಚುಕ್ಕೆ. ಅಂಥದ್ದೊಂದು ಕಂಡರೂ ಇಡೀ ಕವರ್ ವಾಪಸ್ ಕಳಿಸಿ. ಎರಡು–ಮೂರು ತಿಂಗಳಿಗೇ ಮೊಟ್ಟೆಯಿಟ್ಟು ಮರಿ ಮಾಡತೊಡಗುವ ಮೀನದು. ಕೆರೆ ತುಂಬ ಗಿಡ್ಡ ಮೀನೇ ಆಗಿ, ಕೋಡಿ ಹರಿದಾಗ ತೋಡಿಗಿಳಿದು ಕಾವೇರಿ ಸೇರುತ್ತದೆ.

ಗದ್ದೆ ಕಾಲುವೆಯಲ್ಲಿ ಸಿಕ್ಕ ಮರಿಯನ್ನೂ ಇದರಲ್ಲಿ ನೋಡಬೇಕು. ಬಿಳಿ ಮೀನು, ಅಂದರೆ ಮಹಶೀರ್, ಮತ್ತು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಎರಡಕ್ಕೂ ನಾಲ್ಕು ಮೀಸೆ. ಮೀಸೆ ಕಂಡು ಗೆಂಡೆ ಎಂದುಕೊಳ್ಳುವವರೇ ಹೆಚ್ಚು. ಗೆಂಡೆಯ ಬೆನ್ನಿನ ರೆಕ್ಕೆ ಬಾಲದತ್ತ ಉದ್ದಕ್ಕೆ ಸಾಗಿರುತ್ತದೆ, ಅದರ ಮುಳ್ಳಿಗೆ ಗರಗಸದ ಹಲ್ಲು. ಮಹಶೀರ್‌ನ ರೆಕ್ಕೆ ಗಿಡ್ಡ, ಮುಳ್ಳು ನುಣುಪು. ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಸಾಗುವ ಗೆರೆಯ ಹುರುಪೆ ಎಣಿಸಿದರೆ ಮಹಶೀರ್‌ಗೆ 25ರ ಆಸುಪಾಸು, ಗೆಂಡೆಗೆ 35ರ ಆಸುಪಾಸು. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನಂಚಿಗೆ ಬಂದು ನಿಂತಿದೆ. ಮರಿ ಮಹಶೀರ್ ಎಂದು ಕಂಡರೆ ತಕ್ಷಣ ಹೊಳೆಗೇ ಬಿಡಿ.

ಇನ್ನು ಕೊರತೆಗಳು. ಹಲಗೆ ಬಿಳಿಯಾದ್ದರಿಂದ ಬೆಳಕು ಹೊಡೆದು ಮಚ್ಚೆ ಕಾಣುವುದಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಳ್ಳಿ. ಅಳತೆಯ ಗೆರೆ ಮುಂದಿನ ಮುಖದಲ್ಲಿರುವುದರಿಂದ ಹಿಂದಿರುವ ಮರಿಯ ಉದ್ದ ತಪ್ಪಾಗಿ ತೋರುತ್ತದೆ, ಗೆರೆ ಹಲಗೆಯ ಮೇಲೇ ಇರಬೇಕಿತ್ತು. ಒರಟು ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಥಿನ್ನರ್ ತಾಗಿದರೆ ಅಕ್ರಿಲಿಕ್ ಮಬ್ಬಾಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೀರು ತುಂಬಿಸಿ, ಮೂಲೆಯ ಅಂಟು ಸೋರುತ್ತದೆಯೇ ನೋಡಿಕೊಳ್ಳಿ.