ಕಲಂಕ್‌ನ ಕೊಳ, ಲೂಟೇರಾದ ಎಲೆ

ಅಮ್ಮನಿಗೆ ಹಿಂದಿ ಬರುವುದಿಲ್ಲ. ಪಾನಿ, ಖಾನಾ, ಕಿತನಾ, ಇಷ್ಟರಲ್ಲೇ ಕಾಶಿಯಾತ್ರೆ ಮುಗಿಸಿ ಬಂದವಳು. ಹಾಗಾಗಿ ಹಿಂದಿ ಸಿನಿಮಾ ತೂಗಲು ನಮ್ಮನೆಯಲ್ಲಿ ಅವಳಿಗಿಂತ ಒಳ್ಳೆಯ ತಕ್ಕಡಿ ಇಲ್ಲ. ಅವರೆಕಾಯಿ ಕಾಲದ ಒಂದು ಶನಿವಾರ ‘ಕಲಂಕ್’, ಭಾನುವಾರ ‘ಲೂಟೇರಾ’ ಹಾಕಿದೆ. ಎರಡೂ ಹಳೇ ಕಾಲದ ಪ್ರೇಮಕಥೆ, ಎರಡರಲ್ಲೂ ಸೋನಾಕ್ಷಿ ಸಿನ್ಹಾ, ಎರಡರಲ್ಲೂ ಅವಳಿಗೆ ಕಾಯಿಲೆ. ಹಾಡು ಬರೆದವರೂ ಒಬ್ಬರೇ, ಅಮಿತಾಭ್ ಭಟ್ಟಾಚಾರ್ಯ. ಹೋಲಿಸದೆ ಬಿಡುವುದು ಹೇಗೆ?

‘ಕಲಂಕ್’ ನನಗೆ ಎರಡನೇ ಸಲ. 2019ರ ಏಪ್ರಿಲ್‌ನಲ್ಲಿ ಥಿಯೇಟರಿನಲ್ಲಿ ನೋಡಿ, ಕಣ್ಣು ತುಂಬಿ, ತಲೆ ಖಾಲಿಯಾಗಿ ಎದ್ದು ಬಂದಿದ್ದೆ. 1940ರ ದಶಕ, ದೇಶ ಇಬ್ಭಾಗವಾಗುವ ಹೊತ್ತು, ಲಾಹೋರ್ ಪಕ್ಕದ ಹುಸ್ನಾಬಾದ್ ಅನ್ನುವ ಕಲ್ಪನೆಯ ಊರು. ಬಿನೋದ್ ಪ್ರಧಾನ್ ಅವರ ಕ್ಯಾಮೆರಾ, ಮನೀಶ್ ಮಲ್ಹೋತ್ರಾ ಅವರ ಉಡುಗೆ. ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಕ್ಯಾಲೆಂಡರಿಗೆ ಹಾಕಬಹುದು. ಬಹಾರ್ ಬೇಗಂ ಆಗಿರುವ ಮಾಧುರಿಯ ಕೋಠಾ, ಅಂದರೆ ತವಾಯಫರ ಹಾಡು-ಕುಣಿತದ ಮನೆ, ಅದರ ಮುಂದೆ ಒಂದು ಕೊಳ, ಅದರಲ್ಲಿ ತೇಲುವ ದೋಣಿಗಳು. ಸಿನಿಮಾದಲ್ಲಿ ಈ ಕೇರಿಯ ಹೆಸರು ಹೀರಾ ಮಂಡಿ. ಲಾಹೋರಿನ ನಿಜವಾದ ಹೀರಾ ಮಂಡಿ ಹಳೇ ಕೋಟೆಪೇಟೆಯ ಇಕ್ಕಟ್ಟಾದ ಬೀದಿ. ಹೆಸರಿನ ‘ಮಂಡಿ’ ನಮ್ಮ ಅಕ್ಕಿ ಮಂಡಿಯ ಮಂಡಿಯೇ. ಇರಲಿ, ಸಿನಿಮಾಕ್ಕೆ ಕೊಳ ತೋಡುವ ಹಕ್ಕಿದೆ. ಆದರೆ ಎರಡೂ ಮುಕ್ಕಾಲು ಗಂಟೆ ಕಳೆದರೂ ಆ ಕೊಳದಿಂದ ಕಥೆಗೆ ಒಂದು ಬೊಗಸೆ ನೀರೂ ಸಿಗಲಿಲ್ಲ.

ಮೊರದಲ್ಲಿ ಕಾಯಿ ಬಿಡಿಸುತ್ತಿದ್ದ ಅಮ್ಮ ಹತ್ತನೇ ನಿಮಿಷಕ್ಕೇ ಶುರು ಮಾಡಿದಳು. “ಹೆಂಡ್ತಿ ಬದುಕಿದ್ದಾಳೆ, ಅವಳೇ ಗಂಡನಿಗೆ ಇನ್ನೊಬ್ಬಳನ್ನ ತರ್ತಿದ್ದಾಳಾ?” ಹೌದಮ್ಮ, ಅವಳು ಸತ್ಯಾ, ಸೋನಾಕ್ಷಿಯೇ; ಅವಳಿಗೆ ಕ್ಯಾನ್ಸರ್, ತಾನು ಹೋದಮೇಲೆ ಗಂಡ ದೇವ್ ಒಂಟಿಯಾಗಬಾರದಂತೆ. “ಸರಿ, ಆ ಹುಡುಗಿ ಯಾಕೆ ಒಪ್ಕೊಂಡ್ಳು?” ತಂಗಿಯರಿಗೋಸ್ಕರ. “ಮತ್ತೆ ಹಾಡು ಕಲಿಯೋಕೆ ಅಲ್ಲಿಗೇ ಯಾಕೆ ಹೋಗ್ತಾಳೆ?” ಇಲ್ಲಿ ನಾನೂ ಕಾಯಿ ಬಿಡಿಸಲು ಕೂತೆ. ಆ ಹುಡುಗಿ, ಆಲಿಯಾಳ ರೂಪ್, ಬಹಾರ್ ಬೇಗಂಳ ಕೋಠಾಕ್ಕೆ ಹೋಗುವುದು, ಕಮ್ಮಾರ ಜಾಫರ್ ಕಣ್ಣಿಗೆ ಬೀಳುವುದು, ಅವನು ಇವಳ ಮಾವನಿಗೇ ಹುಟ್ಟಿದವನಾಗಿರುವುದು, ಎಲ್ಲವೂ ಆಗಬೇಕು ಅಂತ ಆಗುತ್ತವೆ. ಆಯಾ ಪಾತ್ರಕ್ಕೆ ಅನ್ನಿಸಿ ಆಗುವುದಿಲ್ಲ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಒಳಗೊಂದು ಗಟ್ಟಿ ಕಥೆ ಬಿದ್ದಿತ್ತು. ದೇವ್ ತನ್ನ ಪತ್ರಿಕೆಯಲ್ಲಿ ಉಕ್ಕಿನ ಕಾರ್ಖಾನೆ ಬರಲಿ ಅಂತ ಬರೆಯುತ್ತಾನೆ. ಬಂದರೆ ಊರಿನ ಕಮ್ಮಾರರ ಹೊಟ್ಟೆಗೆ ಹೊಡೆತ. ಆ ಭಯವನ್ನೇ ಅಬ್ದುಲ್ ಅನ್ನುವವನು ಕೋಮುಸಿಟ್ಟಾಗಿ ತಿರುಗಿಸುತ್ತಾನೆ. ಕುಲುಮೆಯ ಬೆಂಕಿ ಊರಿನ ಬೆಂಕಿಯಾಗುವ ಕಥೆ! ಅದನ್ನು ನಾಲ್ಕು ಸಂಭಾಷಣೆಗೆ ಮುಗಿಸಿ, ಜಾಫರನನ್ನು ಗೂಳಿ ಕಾಳಗಕ್ಕೆ ಬಿಟ್ಟಿದ್ದಾರೆ. ಆ ಗೂಳಿಯೂ ಕಂಪ್ಯೂಟರಿನಲ್ಲಿ ಹುಟ್ಟಿದ್ದು.

ಭಾನುವಾರ ನೆನೆದ ಅವರೆಕಾಳು ಹಿಸುಕುತ್ತಾ ‘ಲೂಟೇರಾ’. ವಿಕ್ರಮಾದಿತ್ಯ ಮೋಟ್ವಾನೆ ನಿರ್ದೇಶನದ 2013ರ ಚಿತ್ರ. 1953ರ ಬಂಗಾಳ, ಜಮೀನ್ದಾರಿ ರದ್ದಾಗುವ ಹೊತ್ತು. ಇಲ್ಲೂ ದೊಡ್ಡ ಬಂಗಲೆ, ಚೆಂದದ ಸೀರೆ, ಮಹೇಂದ್ರ ಶೆಟ್ಟಿ ಅವರ ಕ್ಯಾಮೆರಾದಲ್ಲಿ ಜೇನುಬಣ್ಣದ ಬೆಳಕು. ಆದರೆ ಚೆಂದಕ್ಕೆ ಇಲ್ಲಿ ಕೆಲಸ ಕೊಟ್ಟಿದ್ದಾರೆ. ಪುರಾತತ್ವದವನೆಂದು ಹೇಳಿಕೊಂಡು ಬಂದ ವರುಣ್‌ಗೆ ಚಿತ್ರ ಬರೆಯುವ ಆಸೆ, ಕೈಯಲ್ಲಿ ಒಂದು ಎಲೆಯೂ ನೆಟ್ಟಗೆ ಮೂಡದು. ಜಮೀನ್ದಾರನ ಮಗಳು ಪಾಖಿ, ಅಂದರೆ ಸೋನಾಕ್ಷಿ, ಕಲಿಸಲು ಕೂರುತ್ತಾಳೆ. ಅವನ ಎಲೆ ನೋಡಿ ಅಮ್ಮ ನಕ್ಕಳು. ಅನುವಾದ ಬೇಕಾಗಲಿಲ್ಲ. ರಾಜನ ಪ್ರಾಣ ಗಿಳಿಯಲ್ಲಿತ್ತು ಅನ್ನುವ ಕಥೆಯನ್ನು ಪಾಖಿಗೆ ಅವಳ ಅಪ್ಪ ಹೇಳುವಾಗ ಮಾತ್ರ ಅರ್ಥ ಹೇಳಿದೆ. “ಓ, ಏಳು ಸಮುದ್ರದಾಚೆ ಗಿಳಿ!” ಅಂದಳು, ಗೊತ್ತಿದ್ದ ಕಥೆಯೇ.

ಆಮೇಲೆ ಡಾಲ್‌ಹೌಸಿ, ಹಿಮ, ಕ್ಷಯದ ಕೆಮ್ಮು, ಕಿಟಕಿಯಾಚೆ ಎಲೆ ಉದುರಿಸುವ ಮರ, ಅದರ ಕೊನೆಯ ಎಲೆ ಬಿದ್ದರೆ ತಾನೂ ಹೋಗುತ್ತೇನೆ ಅನ್ನುವ ಪಾಖಿ. ಚಿತ್ರಕ್ಕೆ ಎಳೆ ಕೊಟ್ಟ ಓ. ಹೆನ್ರಿಯ ಸಣ್ಣಕಥೆ ‘ದಿ ಲಾಸ್ಟ್ ಲೀಫ್’ ಓದಿದವರಿಗೆ ಕೊನೆ ಗೊತ್ತು. ಗೊತ್ತಿದ್ದೂ ಆ ಬಣ್ಣದ ಎಲೆ ಕಂಡಾಗ ಗಂಟಲು ಕಟ್ಟುತ್ತದೆ, ಯಾಕೆಂದರೆ ಅವನಿಗೆ ಎಲೆ ಬರೆಯಲು ಬರುತ್ತಿರಲಿಲ್ಲ. ‘ಕಲಂಕ್’ನ ಸತ್ಯಾಳ ಸಾವಿಗೆ ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ. ಇಲ್ಲಿ ಪಾಖಿ ಉಸಿರಿಗೆ ಒದ್ದಾಡುವಾಗ ಹಿಸುಕುವ ಕೈ ನಿಂತಿತು. ನಟಿ ಅವಳೇ.

ದೋಷ ಇಲ್ಲವೆಂದಲ್ಲ. ದ್ವಿತೀಯಾರ್ಧ ಎಳೆದಿದೆ, ಪೊಲೀಸರ ಬೆನ್ನಟ್ಟುವಿಕೆ ಸಪ್ಪೆ, ಎಲ್ಲರೂ ಪಿಸುಗುಟ್ಟುತ್ತಾರೆ, ರಿಮೋಟ್ ಕೈಯಿಂದ ಬಿಡುವ ಹಾಗಿಲ್ಲ.

ಹಾಗಾದರೆ ವೈಭವವೇ ತಪ್ಪಾ ಅಂತ ಕೇಳಿದರೆ, ‘ಬಾಜಿರಾವ್ ಮಸ್ತಾನಿ’ ಇದೆ. 2015ರ ಆ ಚಿತ್ರದಲ್ಲಿ ಬನ್ಸಾಲಿ ಏನೂ ಕಮ್ಮಿ ಸುರಿದಿಲ್ಲ. ಅಲ್ಲಿನ ಕನ್ನಡಿಮಹಲನ್ನು ‘ಕಲಂಕ್’ನ ಕೊಳದ ಪಕ್ಕ ಇಟ್ಟು ನೋಡಿ. ಕಾಶಿಬಾಯಿ ತನ್ನ ಕೋಣೆಯಿಂದ ಗಂಡನ ಬಿಂಬ ಕಾಣಲೆಂದು ಹಿಗ್ಗಿದ್ದ ಕನ್ನಡಿಯಲ್ಲೇ ಮುಂದೆ ಅವನ ಜೊತೆ ಮಸ್ತಾನಿಯೂ ಕಾಣುತ್ತಾಳೆ. ಸೆಟ್ಟಿಗೆ ಸುರಿದ ದುಡ್ಡು ಆ ಒಂದು ನೋಟದಲ್ಲಿ ವಸೂಲಾಯಿತು.

ನನ್ನ ಲೆಕ್ಕದಲ್ಲಿ ‘ಲೂಟೇರಾ’ ಮುಂದೆ, ಬಹಳ ಮುಂದೆ. ಅಮ್ಮ ಬೇಸಿನ್ ಎಳೆದುಕೊಂಡು ಅಂದಳು: “ಇದು ಚೆನ್ನಾಗೇ ಇದೆ ಕಣೇ, ಆದ್ರೆ ಇನ್ನೊಂದ್ಸಲ ಹಾಕ್ಬೇಡ, ಸಂಕಟ ಆಗುತ್ತೆ. ನಿನ್ನೆ ಮಾಧುರಿ ಡ್ಯಾನ್ಸ್ ಇತ್ತಲ್ಲ, ಅದು ಹಾಕು. ಕಾಳು ಇನ್ನೂ ಅರ್ಧ ಉಳಿದಿದೆ.”