ಎದುರಾಳಿ ದೇಶದ ಗಲಭೆಗೆ ನಾಯಕರ ಹೇಳಿಕೆ: ನಾಲ್ಕು ನಮೂನೆಗಳ ವಿಮರ್ಶೆ

ಎದುರಾಳಿ ದೇಶದಲ್ಲಿ ಜನ ಬೀದಿಗಿಳಿದಾಗ ನಾಯಕರು ಹೊರಡಿಸುವ ಹೇಳಿಕೆಯನ್ನೂ ಸರಕಿನಂತೆ ತೂಗಿ ನೋಡಬಹುದು. ಮಾತಿನ ಅಂದ ಬೇಡ, ನಂಬಿದವರ ಗತಿ ಏನಾಯಿತೆಂದು ನೋಡಿದರೆ ಸಾಕು.

ತೀರಾ ಕಳಪೆ ಮಾಲು ಕೊಲ್ಲಿ ಯುದ್ಧದ ನಡುವೆ, 1991ರ ಫೆಬ್ರವರಿ 15ರಂದು ಬಂದದ್ದು. ಇರಾಕಿನ ಸೇನೆ, ಜನ ತಾವೇ ಮುಂದಾಗಿ ಸದ್ದಾಂ ಹುಸೇನನನ್ನು ಕೆಳಗಿಳಿಸಲಿ ಎಂದು ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಕರೆಕೊಟ್ಟರು. ಮಾರ್ಚ್‌ನಲ್ಲಿ ದಕ್ಷಿಣದ ಶಿಯಾಗಳು, ಉತ್ತರದ ಕುರ್ದರು ಎದ್ದರು. ಯುದ್ಧ ನಿಂತ ಮೇಲೆ ದಕ್ಷಿಣ ಇರಾಕಿನ ಸಫ್ವಾನ್‌ನಲ್ಲಿ ನಡೆದ ಕದನವಿರಾಮ ಮಾತುಕತೆಯಲ್ಲಿ ಇರಾಕಿಗೆ ಹೆಲಿಕಾಪ್ಟರ್ ಹಾರಿಸಲು ಅನುಮತಿ ಸಿಕ್ಕಿತ್ತು. ದಂಗೆ ಹೊಸಕಲು ಬಂದದ್ದು ಅವೇ. ಕುರ್ದರಿಗೆ ರಕ್ಷಣೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಲಕ್ಷಾಂತರ ಜನ ಗುಡ್ಡ ಹತ್ತಿ ಓಡಿದ ಮೇಲೆ. ದೋಷ ಇದ್ದದ್ದು ಕ್ರಿಯಾಪದದಲ್ಲಿ. ‘ಕೆಳಗಿಳಿಸಿ’ ಎಂದವರು ಬೆನ್ನಿಗೆ ನಿಲ್ಲುತ್ತಾರೆ ಎಂದೇ ಕೇಳಿದವರು ತಿಳಿಯುತ್ತಾರೆ.

ಬಾಳಿಕೆ ಬಂದದ್ದು 1981ರ ಡಿಸೆಂಬರ್ 23ರಂದು ಅಮೆರಿಕದ ಅಧ್ಯಕ್ಷ ರೇಗನ್ ಮಾಡಿದ ಭಾಷಣ. ಕಾರ್ಮಿಕರ ಚಳವಳಿ ಹತ್ತಿಕ್ಕಲು ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಸೇನಾಡಳಿತ ಹೇರಿ ಹತ್ತು ದಿನವಾಗಿತ್ತು. ಬೈಗುಳ ಅದರಲ್ಲೂ ಇದೆ, ಆದರೆ ಜೊತೆಗೆ ಪಟ್ಟಿ ಇದೆ: ಸರ್ಕಾರಿ ಲೆಕ್ಕದ ಕೃಷಿ, ಹೈನು ಪದಾರ್ಥಗಳ ರವಾನೆ ಬಂದ್, ಪೋಲಿಷ್ ವಿಮಾನಗಳ ಸವಲತ್ತು ರದ್ದು, ಅಮೆರಿಕದ ಕಡಲಲ್ಲಿ ಮೀನು ಹಿಡಿಯುವ ಹಕ್ಕು ರದ್ದು. ಜನರ ಕೈಗೇ ತಲುಪುವುದಾದರೆ ಖಾಸಗಿ ಸಂಸ್ಥೆಗಳ ಆಹಾರ ನೆರವು ಮುಂದುವರಿಯುತ್ತದೆ. ಬಂಧಿತರನ್ನು ಬಿಟ್ಟು ಸೇನಾಡಳಿತ ತೆಗೆದರೆ ಆರ್ಥಿಕತೆಗೆ ಕೈಜೋಡಿಸುತ್ತೇವೆ ಎಂಬ ತೆರೆದ ಬಾಗಿಲೂ ಉಂಟು. ಕುಂದು ಒಂದೇ: ನಿರ್ಬಂಧ ಪೂರ್ತಿ ತೆರವಾಗಲು 1987 ಬರಬೇಕಾಯಿತು. ಐದಕ್ಕೆ ನಾಲ್ಕು ಅಂಕ.

1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ತೆರೆದಾಗ ಅದೇ ಬುಷ್ ಹಿಗ್ಗಲಿಲ್ಲ. ಪತ್ರಕರ್ತರು ಸಪ್ಪೆ ಎಂದರು. ಪೂರ್ವ ಜರ್ಮನಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರಿದ್ದಾಗ ಸೋವಿಯತ್ ನಾಯಕ ಗೊರ್ಬಚೆವ್‌ಗೆ ಮುಖಭಂಗ ಮಾಡದಿದ್ದುದೇ ಸರಿ.

2009ರಲ್ಲಿ ಇರಾನಿನ ಚುನಾವಣಾ ಫಲಿತಾಂಶದ ವಿರುದ್ಧ ಜನ ಬೀದಿಗಿಳಿದಾಗ ಅಮೆರಿಕದ ಅಧ್ಯಕ್ಷ ಒಬಾಮಾ ಮೊದಲು ಅಳೆದು ಸುರಿದು ಮಾತಾಡಿದರು. ಅಲ್ಲಿನ 1953ರ ಕ್ಷಿಪ್ರಕ್ರಾಂತಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೈಯಿತ್ತು, ಪ್ರತಿಭಟನಕಾರರಿಗೆ ‘ಅಮೆರಿಕದ ಏಜೆಂಟ್’ ಪಟ್ಟ ಬರಬಾರದು ಎಂಬ ಲೆಕ್ಕ. ಆ ಪಟ್ಟವನ್ನು ಇರಾನಿನ ಆಡಳಿತ ಹೇಗೂ ಕಟ್ಟಿತು. ಹಾಗೆ ಅಳೆದು ಮಾತಾಡಿದ್ದು ತಪ್ಪಾಗಿತ್ತೆಂದು 2022ರಲ್ಲಿ ಒಬಾಮಾ ಅವರೇ ಒಪ್ಪಿಕೊಂಡರು.

ಹೊರಡಿಸುವ ಮುನ್ನ ಕರಡಿನ ಆಜ್ಞಾರ್ಥಗಳನ್ನೆಲ್ಲ ಹೊಡೆದುಹಾಕಿ. ಅಲ್ಲಿನ ಮುಖಂಡರ ಹೆಸರೆತ್ತಿ ಹೊಗಳಬೇಡಿ, ಮರುದಿನದ ಆರೋಪಪಟ್ಟಿಗೆ ಅದೇ ಸಾಕ್ಷಿ. ಖಾತ್ರಿಯಾಗದ ಸಾವಿನ ಸಂಖ್ಯೆ ಬೇಡ. ‘ಗುಂಡು ಹಾರಿಸಬೇಡಿ’ ಎಂಬ ಮಾತನ್ನು ಆಡಳಿತಕ್ಕೆ ಹೇಳಿ, ಜನರಿಗೆ ಕೊಡಬಲ್ಲದ್ದನ್ನು ಕೊಡಿ. ಉದಾಹರಣೆಗೆ, ಇರಾನಿನಲ್ಲಿ ಮತ್ತೆ ಪ್ರತಿಭಟನೆ ಎದ್ದ ವಾರದೊಳಗೇ, 2022ರ ಸೆಪ್ಟೆಂಬರ್ 23ರಂದು, ಅಮೆರಿಕದ ಖಜಾನೆ ಇಲಾಖೆ ಅಲ್ಲಿನವರಿಗೆ ಇಂಟರ್ನೆಟ್ ಸೇವೆ ಒದಗಿಸಲು ಕಂಪನಿಗಳಿಗಿದ್ದ ನಿರ್ಬಂಧ ಸಡಿಲಿಸಿತು.